ಬೆಳ್ಳಿಯ ಪದರದಲ್ಲಿ ಬೆಳಕಿನ ದಾರಿ

ಪ್ರಶ್ನೆ: ತರಂಗಾಂತರಕ್ಕಿಂತ ಬಹಳ ಕಿರಿದಾದ ರಂಧ್ರದಲ್ಲಿ ಬೆಳಕು ತೂರುವುದು ತೀರ ಕಡಿಮೆ ಎಂದು ಕಾಲೇಜಿನಲ್ಲಿ ಕಲಿತಿದ್ದೇನೆ. ಆದರೆ ಇಂಥ ರಂಧ್ರಗಳ ಸಾಲುಗಳಿರುವ ಲೋಹದ ಪದರದಿಂದ, ರಂಧ್ರಗಳ ಮೇಲೆ ಬಿದ್ದುದಕ್ಕಿಂತ ಹೆಚ್ಚು ಬೆಳಕು ಹೊರಬರುತ್ತದೆಯೆಂದು ಈಚೆಗೆ ಓದಿದೆ. ಇದು ಶಕ್ತಿ ಸಂರಕ್ಷಣೆಯ ನಿಯಮಕ್ಕೆ ವಿರುದ್ಧವಲ್ಲವೇ?

ಉತ್ತರ: ವಿರುದ್ಧವಲ್ಲ. ನೀವು ಕಲಿತದ್ದು ಒಂಟಿ ರಂಧ್ರದ ಲೆಕ್ಕ. ಪರಿಪೂರ್ಣ ವಾಹಕದ ಅತಿ ತೆಳುವಾದ ಹಾಳೆಯಲ್ಲಿ ಒಂದೇ ರಂಧ್ರವಿದ್ದರೆ, ಅದರ ಮೇಲೆ ಬಿದ್ದ ಬೆಳಕಿನಲ್ಲಿ ಆಚೆಗೆ ದಾಟುವ ಪಾಲು ತ್ರಿಜ್ಯ ಅರ್ಧವಾದಾಗ ಹದಿನಾರನೆಯ ಒಂದಕ್ಕೆ ಇಳಿಯುತ್ತದೆಂದು ಭೌತವಿಜ್ಞಾನಿ ಹ್ಯಾನ್ಸ್ ಬೆಥೆ 1944ರಲ್ಲಿ ತೋರಿಸಿಕೊಟ್ಟರು. ಆ ಲೆಕ್ಕ ಇಂದಿಗೂ ನಿಲ್ಲುತ್ತದೆ.

ಥಾಮಸ್ ಎಬೆಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದುದು ರಂಧ್ರಗಳ ಜಾಲ. 200 ನ್ಯಾನೋಮೀಟರ್ ದಪ್ಪದ ಬೆಳ್ಳಿಯ ಪದರದಲ್ಲಿ, 150 ನ್ಯಾನೋಮೀಟರ್ ವ್ಯಾಸದ ರಂಧ್ರಗಳನ್ನು 900 ನ್ಯಾನೋಮೀಟರ್ ಅಂತರದಲ್ಲಿ ಚೌಕಾಕಾರವಾಗಿ ಕೊರೆದಿದ್ದರು. ವ್ಯಾಸದ ಸುಮಾರು ಒಂಬತ್ತು ಪಟ್ಟು ತರಂಗಾಂತರವಿರುವ, 1370 ನ್ಯಾನೋಮೀಟರಿನ ಅವಕೆಂಪು ಬೆಳಕು ಅದರಲ್ಲಿ ಪ್ರಬಲವಾಗಿ ಹಾದುಬಂದಿತು. ಆ ಪ್ರಮಾಣ ರಂಧ್ರಗಳ ಮೇಲೆ ನೇರವಾಗಿ ಬಿದ್ದುದರ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಆದರೆ ಗಮನಿಸಿ, ಈ ಅಳತೆಯ ಜಾಲದಲ್ಲಿ ರಂಧ್ರಗಳು ಆವರಿಸುವುದು ಒಟ್ಟು ವಿಸ್ತೀರ್ಣದ ಶೇಕಡ 2ರಷ್ಟನ್ನು ಮಾತ್ರ. ಎರಡು ಪಟ್ಟೆಂದರೂ ಪದರದ ಮೇಲೆ ಬಿದ್ದ ಒಟ್ಟು ಬೆಳಕಿನ ಸಣ್ಣ ಪಾಲೇ ಆಯಿತು. ಹೆಚ್ಚುವರಿ ಬೆಳಕು ಬಂದದ್ದು ರಂಧ್ರಗಳ ನಡುವಿನ ಲೋಹದ ಮೇಲೆ ಬಿದ್ದುದರಿಂದ.

ಅದು ರಂಧ್ರವನ್ನು ತಲುಪುವ ಬಗೆಯೇ ಈ ವಿದ್ಯಮಾನದ ತಿರುಳು. ನುಣುಪಾದ ಬೆಳ್ಳಿಯ ಮೇಲೆ ಬಿದ್ದ ಬೆಳಕು ಪ್ರತಿಫಲಿಸಿ ಹಿಂದಿರುಗುತ್ತದೆ. ಮೇಲ್ಮೈಯಲ್ಲಿ ನಿಯತವಾದ ವಿನ್ಯಾಸವಿದ್ದಾಗ, ಅದರ ಅಂತರಕ್ಕೆ ಹೊಂದುವ ತರಂಗಾಂತರದ ಬೆಳಕು ಲೋಹದ ಎಲೆಕ್ಟ್ರಾನ್‌ಗಳೊಡನೆ ಬೆಸೆದುಕೊಂಡು, ಮೇಲ್ಮೈಗುಂಟ ಸಾಗುವ ಅಲೆಯಾಗುತ್ತದೆ. ಇದನ್ನು ಮೇಲ್ಮೈ ಪ್ಲಾಸ್ಮಾನ್ ಎನ್ನುತ್ತಾರೆ. ಈ ಅಲೆಯಿಂದಾಗಿ ರಂಧ್ರದ ಬಾಯಲ್ಲಿ ವಿದ್ಯುತ್‌ಕ್ಷೇತ್ರ ಪ್ರಬಲಗೊಂಡು, ಶಕ್ತಿಯು ಆಚೆಯ ಮೇಲ್ಮೈಗೆ ದಾಟಿ ಮತ್ತೆ ಬೆಳಕಾಗಿ ಹೊಮ್ಮುತ್ತದೆ. ಲೋಹವಲ್ಲದ, ಅರೆವಾಹಕವಾದ ಜರ್ಮೇನಿಯಂ ಪದರದಲ್ಲಿ ಇಂಥದೇ ಜಾಲ ಕೊರೆದಾಗ ಈ ಪರಿಣಾಮ ಕಾಣಲಿಲ್ಲವೆಂಬುದು ಲೋಹದ ಪಾತ್ರಕ್ಕೆ ಒಳ್ಳೆಯ ಸಾಕ್ಷಿ.

ಯಾವ ಬಣ್ಣ ದಾಟಬೇಕೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ರಂಧ್ರಗಳ ನಡುವಿನ ಅಂತರ, ವ್ಯಾಸವಲ್ಲ. ನನಗೆ ಇದೇ ಅತ್ಯಂತ ಸೋಜಿಗದ ಸಂಗತಿ, ಏಕೆಂದರೆ ಬಣ್ಣದ ದ್ರವ್ಯವಿಲ್ಲದೆ ಕೇವಲ ವಿನ್ಯಾಸದಿಂದಲೇ ಬಣ್ಣದ ಸೋಸುಕವನ್ನು ಮಾಡಬಹುದೆಂದು ಇದರರ್ಥ. ಲೋಹಕ್ಕೆ ತಾಗಿರುವ ಮಾಧ್ಯಮದ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆಂಬುದರ ಅಳತೆ, ಬದಲಾದರೂ ದಾಟುವ ತರಂಗಾಂತರ ಸರಿಯುತ್ತದೆ. ಹಾಗಾಗಿ ಪದರಕ್ಕೆ ಪ್ರೋಟೀನ್ ಅಂಟಿಕೊಂಡದ್ದನ್ನು, ಅದಕ್ಕೆ ಯಾವ ಗುರುತುಬಣ್ಣವನ್ನೂ ಸೇರಿಸದೆ, ಹೊರಬರುವ ಬೆಳಕಿನಿಂದಲೇ ಪತ್ತೆಮಾಡುವ ಸಂವೇದಕಗಳನ್ನು ಈ ತತ್ತ್ವದ ಮೇಲೆ ರೂಪಿಸಲಾಗಿದೆ.