ಕೋಲಾರದಲ್ಲಿ ಎಂಬಿಬಿಎಸ್, ಹೌಸ್ ಸರ್ಜನ್ಸಿ ಮುಗಿಸಿದ ತಂಗಿ ಇಂಗ್ಲೆಂಡಿನಲ್ಲಿ ಡಾಕ್ಟರಾಗಲು ಏನು ಮಾಡಬೇಕು?

ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆಗಬೇಕು. ಮೊದಲು ಇಂಗ್ಲಿಷ್ ಪರೀಕ್ಷೆ. ಐಇಎಲ್‌ಟಿಎಸ್ ಆದರೆ ಒಟ್ಟು 7.5, ಪ್ರತಿ ವಿಭಾಗದಲ್ಲೂ ಕನಿಷ್ಠ 7. ಆಮೇಲೆ ಪ್ಲಾಬ್, ಅಂದರೆ ಹೊರದೇಶದಲ್ಲಿ ಓದಿದ ಡಾಕ್ಟರ್‌ಗಳಿಗೆ ಈ ಕೌನ್ಸಿಲ್ ನಡೆಸುವ ಎರಡು ಭಾಗದ ಪರೀಕ್ಷೆ. ಮೊದಲ ಭಾಗ 3 ಗಂಟೆ, 180 ಪ್ರಶ್ನೆ, ಭಾರತದಲ್ಲೇ ಬರೆಯಬಹುದು.

ಎರಡನೇ ಭಾಗಕ್ಕೆ ಮ್ಯಾಂಚೆಸ್ಟರ್‌ಗೇ ಹೋಗಬೇಕು. ಖರ್ಚು ಜಾಸ್ತಿ ಆಗೋದು ಇಲ್ಲೇ. ರೋಗಿಯಂತೆ ನಟಿಸುವವರು ಎದುರಿಗೆ ಕೂತಿರುತ್ತಾರೆ, ಒಂದೊಂದು ಕೇಸಿಗೆ 8 ನಿಮಿಷ. ನಮ್ಮ ಓಪಿಡಿ ಥರ ‘ಎಷ್ಟು ದಿನದಿಂದ ಜ್ವರ ಅಮ್ಮಾ?’ ಅಂತ ಕೇಳಿ ಸುಮ್ನೆ ಚೀಟಿ ಬರೆದರೆ ಆಗಲ್ಲ. ಅವರ ಮನಸ್ಸಿನ ಭಯವನ್ನೂ ಕೇಳಿ, ಸಮಾಧಾನವಾಗಿ ವಿವರಿಸಬೇಕು. ಓದಿನಲ್ಲಿ ಚುರುಕಾದವರೂ ಎಡವುವುದು ಇಲ್ಲಿಯೇ.

ಅಂದ ಹಾಗೆ, ಡಿಗ್ರಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇದೆಯಾ? ದಾಖಲೆ ಪರಿಶೀಲನೆಗೆ ಕಳಿಸುವ ಮೊದಲೇ ಸರಿ ಮಾಡಿಸಿ.