ಹಸಿ ಕಸದ ಬಕೆಟ್‌ನಲ್ಲಿ ಒಬ್ಬಟ್ಟು

ಪ್ರಶ್ನೆ: ನನಗೆ 29 ವರ್ಷ. ನಮ್ಮದು ಕೆಜಿಎಫ್‌ನ ಲೂಥರನ್ (ಪ್ರೊಟೆಸ್ಟೆಂಟ್ ಕ್ರೈಸ್ತ) ಕುಟುಂಬ, ತಾತ ಚಿನ್ನದ ಗಣಿಯಲ್ಲಿದ್ದವರು. ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಆರು ವರ್ಷವಾಯಿತು. ಕೆಳಗಿನ ಮನೆಯ ಓನರ್ ಆಂಟಿ ನನ್ನನ್ನು ಮಗಳ ಹಾಗೆ ನೋಡಿಕೊಳ್ಳುತ್ತಾರೆ. ಹಬ್ಬ ಬಂತೆಂದರೆ ಪ್ರಸಾದ ಮೇಲೆ ಬರುತ್ತದೆ, ನಾನೂ ತಿನ್ನುತ್ತಿದ್ದೆ. (ಕ್ರಿಸ್‌ಮಸ್ ಕೇಕನ್ನು ಮಾತ್ರ ಅವರು ಮೊಟ್ಟೆ ಇದೆ ಅಂತ ವಾಪಸ್ ಕೊಡುತ್ತಾರೆ. ನನಗೆ ಬೇಜಾರಿಲ್ಲ.) ಈಚೆಗೆ ಒಂದು ಪ್ರಾರ್ಥನಾ ಗುಂಪಿಗೆ ಹೋಗುತ್ತಿದ್ದೇನೆ. ಅಲ್ಲಿನ ಅಕ್ಕ ಒಬ್ಬರು, "ವಿಗ್ರಹಕ್ಕೆ ಇಟ್ಟದ್ದನ್ನು ತಿನ್ನಬಾರದು ಅಂತ ಸತ್ಯವೇದದಲ್ಲೇ (ಬೈಬಲ್‌ನಲ್ಲೇ) ಇದೆ. ನಿನಗೆ ಓನರ್ ಆಂಟಿ ದೊಡ್ಡವರೋ ದೇವರ ವಾಕ್ಯ ದೊಡ್ಡದೋ?" ಅಂದರು. ವರಮಹಾಲಕ್ಷ್ಮಿ ಹಬ್ಬದ ದಿನ ಆಂಟಿ ಕೊಟ್ಟ ಒಬ್ಬಟ್ಟನ್ನು ನಗುನಗುತ್ತಾ ತೆಗೆದುಕೊಂಡು, ರಾತ್ರಿ ಹಸಿ ಕಸದ ಬಕೆಟ್‌ಗೆ ಹಾಕಿದೆ. ಬೆಳಿಗ್ಗೆ ಕಸದ ಆಟೊ ಬಂದಾಗ ಆಂಟಿ ಗೇಟಿನಲ್ಲೇ ಇದ್ದರು. ನೋಡಿದರು. ಏನೂ ಅನ್ನಲಿಲ್ಲ. ಅಂದಿನಿಂದ ಮುಖ ಕೊಟ್ಟು ಮಾತಾಡುತ್ತಿಲ್ಲ. ಅವರ ಸ್ಟೀಲ್ ಡಬ್ಬಿ ಇನ್ನೂ ನನ್ನ ಅಡುಗೆಮನೆಯಲ್ಲೇ ಇದೆ. ಅಪ್ಪನಿಗೆ ಹೇಳಿದರೆ, "ಸುಮ್ನೆ ತಿನ್ನೋದು ತಾನೇ, ಏನಾಗುತ್ತೆ" ಅಂತ ನಕ್ಕರು. ಚರ್ಚಿನ ಕನ್ಫರ್ಮೇಷನ್ (ವಿಶ್ವಾಸ ದೃಢೀಕರಣ) ಕ್ಲಾಸಿನಲ್ಲಿ ನಮಗೆ ಕಲಿಸಿದ್ದು ವಾಕ್ಯವೇ ಎಲ್ಲಕ್ಕಿಂತ ಮೇಲು ಅಂತ. ಹಾಗಾದರೆ ನಾನು ಮಾಡಿದ್ದು ಸರಿ ಅಲ್ವಾ? ಸರಿಯಾಗಿದ್ದರೆ ಇಷ್ಟು ಸಂಕಟ ಯಾಕೆ?

ಉತ್ತರ: ಮೊದಲು ಆ ಅಕ್ಕನ ಪರವಾಗಿ ಒಂದು ಮಾತು. ಅವರು ಇಲ್ಲದ್ದನ್ನು ಹೇಳಿಲ್ಲ. ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯ ತೆಗೆಯಿರಿ. ಯೆರೂಸಲೇಮಿನ ಸಭೆ ಹೊಸ ವಿಶ್ವಾಸಿಗಳಿಗೆ ಬರೆದ ಕಾಗದದಲ್ಲಿ, ವಿಗ್ರಹಕ್ಕೆ ಅರ್ಪಿಸಿದ್ದನ್ನು ಬಿಡಿ ಅಂತಲೇ ಇದೆ. ಆದ್ದರಿಂದ ನಿಮ್ಮಪ್ಪನ ಹಾಗೆ ನಕ್ಕು ಬಿಡುವುದಕ್ಕೆ ನನಗೂ ಮನಸ್ಸಿಲ್ಲ.

ಆದರೆ ವಾಕ್ಯವೇ ಮೇಲು ಅನ್ನುವವರು ಒಂದು ಸಾಲು ಓದಿ ಪುಸ್ತಕ ಮುಚ್ಚಬಾರದು. ನಿಮ್ಮದೇ ಪ್ರಶ್ನೆಯನ್ನು ಗ್ರೀಸಿನ ಕೊರಿಂಥ ಊರಿನ ವಿಶ್ವಾಸಿಗಳು ಅಪೊಸ್ತಲ ಪೌಲನಿಗೆ ಕೇಳಿದ್ದರು. ಆ ಊರಿನ ತುಂಬಾ ದೇವಸ್ಥಾನಗಳು. ಅಲ್ಲಿ ಬಲಿ ಕೊಟ್ಟ ಮಾಂಸ ಸಂತೆಗೂ ಬರುತ್ತಿತ್ತು, ನೆಂಟರ ಊಟದೆಲೆಗೂ ಬರುತ್ತಿತ್ತು. ಪೌಲ ತಿನ್ನಿ ಅಂತಲೋ ಬೇಡ ಅಂತಲೋ ಒಂದೇ ಪದದಲ್ಲಿ ಮುಗಿಸಬಹುದಿತ್ತು. ಮೂರು ಅಧ್ಯಾಯ ಬರೆದ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8ರಿಂದ 10. ಇವತ್ತು ರಾತ್ರಿ ಒಂದೇ ಸಲಕ್ಕೆ ಕೂತು ಓದಿ, ಅರ್ಧ ಗಂಟೆಯೂ ಹಿಡಿಯುವುದಿಲ್ಲ.

ಅಲ್ಲಿ ಏನೇನಿದೆ ನೋಡಿ. ಊಟ ನಮ್ಮನ್ನು ದೇವರ ಹತ್ತಿರಕ್ಕೆ ಒಯ್ಯುವುದಿಲ್ಲ, ತಿನ್ನದಿದ್ದರೆ ನಷ್ಟವಿಲ್ಲ, ತಿಂದರೆ ಲಾಭವಿಲ್ಲ ಅನ್ನುತ್ತಾನೆ. ದೇವಸ್ಥಾನದ ಪೂಜೆಯಲ್ಲಿ ಪಾಲು ತೆಗೆದುಕೊಂಡು ಕರ್ತನ ಮೇಜಿಗೂ (ಪ್ರಭು ಭೋಜನಕ್ಕೂ) ಬರಬೇಡಿ ಅಂತ ಗದರುತ್ತಾನೆ. ಸಂತೆಯಲ್ಲಿ ಮಾರುವುದನ್ನು ಪ್ರಶ್ನೆ ಮಾಡದೆ ತಿನ್ನಿ, ಯಾರಾದರೂ ಮನೆಗೆ ಕರೆದರೆ ಬಡಿಸಿದ್ದನ್ನು ತಿನ್ನಿ ಅನ್ನುತ್ತಾನೆ. ಆಮೇಲೆ ಒಂದು ತಿರುವು: "ಇದು ದೇವರಿಗೆ ಅರ್ಪಿಸಿದ್ದು" ಅಂತ ಯಾರಾದರೂ ಹೇಳಿದರೆ, ಹೇಳಿದವರ ಸಲುವಾಗಿ ತಿನ್ನಬೇಡಿ. ಯಾರ ಮನಸ್ಸಾಕ್ಷಿ? ನಿನ್ನದಲ್ಲ, ಅವರದು.

ನಿಜ ಹೇಳಬೇಕೆಂದರೆ ಇಲ್ಲಿ ನಾನೂ ತಡವರಿಸಿದೆ. ಆಂಟಿ ಡಬ್ಬಿ ಕೊಡುವಾಗ "ಪ್ರಸಾದ ತಗೋಮ್ಮ" ಅಂತಲೇ ಕೊಡುತ್ತಾರೆ. ಅಂದರೆ ನಿಮ್ಮದು ಸಂತೆಯ ಮಾಂಸದ ಪ್ರಕರಣ ಅಲ್ಲ, ಆ ತಿರುವಿನ ಪ್ರಕರಣ. ಹಾಗಾಗಿ ಪ್ರಸಾದ ಬೇಡ ಅನ್ನುವ ನಿಮ್ಮ ತೀರ್ಮಾನಕ್ಕೆ ವಾಕ್ಯದ ಆಧಾರ ಇದೆ. ಆದರೆ ನೀವು ಬೇಡ ಅನ್ನಲೇ ಇಲ್ಲವಲ್ಲ. ಬೇಕು ಅಂತ ಎರಡು ಕೈ ಚಾಚಿ ತೆಗೆದುಕೊಂಡಿರಿ. ಆ ಮೂರು ಅಧ್ಯಾಯದಲ್ಲಿ ಎಲ್ಲಿ ಹುಡುಕಿದರೂ ಕಸದ ಬಕೆಟ್‌ಗೆ ಜಾಗ ಇಲ್ಲ. ನಿಮ್ಮ ಸಂಕಟ ಅಲ್ಲಿಂದ ಬಂದದ್ದು, ಬಂದದ್ದು ಒಳ್ಳೆಯದೇ ಆಯಿತು.

ನಿಮ್ಮ ಸಭೆಗೆ ಹೆಸರು ಕೊಟ್ಟ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್‌ನಿಗೂ ಇಂಥದ್ದೊಂದು ಊಟದ ಗಲಾಟೆ ಎದುರಾಗಿತ್ತು. 1521ರ ಏಪ್ರಿಲ್‌ನಲ್ಲಿ ವರ್ಮ್ಸ್‌ನಲ್ಲಿ ಚಕ್ರವರ್ತಿಯ ಮುಂದೆ ನಿಂತು, ನನ್ನ ಮನಸ್ಸಾಕ್ಷಿ ದೇವರ ವಾಕ್ಯಕ್ಕೆ ಸೆರೆಯಾಗಿದೆ ಅಂದವನು ಆಮೇಲೆ ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿದ್ದ. ಅಷ್ಟರಲ್ಲಿ ಅವನ ಊರು ವಿಟೆನ್‌ಬರ್ಗ್‌ನಲ್ಲಿ ಅವನ ಕಡೆಯವರೇ ಅವಸರಕ್ಕೆ ಬಿದ್ದರು. ಉಪವಾಸದ ದಿನ ಮಾಂಸ ತಿನ್ನುವುದನ್ನೇ ದೊಡ್ಡಸ್ತಿಕೆ ಮಾಡಿಕೊಂಡರು, ಚರ್ಚಿನ ಮೂರ್ತಿ ಚಿತ್ರಗಳ ಮೇಲೆ ಬಿದ್ದರು. 1522ರ ಮಾರ್ಚ್‌ನಲ್ಲಿ ಲೂಥರ್ ವಾಪಸ್ ಬಂದು ಎಂಟು ದಿನ ಸಾಲಾಗಿ ಪ್ರಸಂಗ ಮಾಡಿದ. ಮಾಂಸ ತಿನ್ನುವ ಸ್ವಾತಂತ್ರ್ಯ ನಿಮಗಿದೆ, ತಿನ್ನಲೇಬಾರದು ಅಂತ ಪೋಪ್ ಕಟ್ಟಳೆ ಹಾಕಿದರೆ ಬೇಕಂತಲೇ ತಿನ್ನಿ, ಆದರೆ ಪಕ್ಕದಲ್ಲಿರುವ ಎಳೆಯ ವಿಶ್ವಾಸಿಗೆ ನೋವಾಗುವುದಾದರೆ ಪ್ರೀತಿಗಾಗಿ ಬಿಡಿ ಅಂದ. ನಾನು ಯಾರನ್ನೂ ಬಲವಂತ ಮಾಡಲಿಲ್ಲ, ಬರೀ ವಾಕ್ಯ ಸಾರಿದೆ, ನಾನು ಮಲಗಿದ್ದಾಗ, ಗೆಳೆಯರ ಜೊತೆ ವಿಟೆನ್‌ಬರ್ಗ್‌ನ ಬಿಯರ್ ಕುಡಿಯುತ್ತಿದ್ದಾಗ ವಾಕ್ಯವೇ ಎಲ್ಲ ಮಾಡಿತು ಅಂತಲೂ ಹೇಳಿದ. (ಬಿಯರಿನ ಮಾತು ನಿಮ್ಮ ಪ್ರಾರ್ಥನಾ ಗುಂಪಿನಲ್ಲಿ ಎತ್ತಬೇಡಿ.)

ವಾಕ್ಯವೇ ಮೇಲು ಅನ್ನುವುದನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಪೋಪ್ ಆಗಲಿ ಸಭೆಯಾಗಲಿ ವಾಕ್ಯದ ಕೆಳಗೇ ನಿಲ್ಲಬೇಕು ಅಂತ ಲೂಥರ್ ಜಗಳ ಆಡಿದ. ಪೋಪ್ ಎದ್ದ ಕುರ್ಚಿಯಲ್ಲಿ ಪ್ರಾರ್ಥನಾ ಗುಂಪಿನ ಅಕ್ಕ ಬಂದು ಕೂತರೆ ಏನು ಬದಲಾದ ಹಾಗಾಯಿತು? ಅವರು ವಚನ ತೋರಿಸಲಿ, ಒಳ್ಳೆಯದೇ. ಹಿಂದಿನ ಮುಂದಿನ ಅಧ್ಯಾಯ ಓದುವ ಕೆಲಸ ನಿಮ್ಮದು. ಬೆರೋಯ ಎಂಬ ಊರಿನವರು ಪೌಲ ಹೇಳಿದ್ದನ್ನೇ ದಿನಾ ಶಾಸ್ತ್ರ ತೆಗೆದು ಪರೀಕ್ಷೆ ಮಾಡುತ್ತಿದ್ದರು, ಅದಕ್ಕೆ ಅವರನ್ನು ಹೊಗಳಲಾಗಿದೆ. ಸತ್ಯವೇದವನ್ನು ಲೂಥರ್ ಒಂದು ಕಡೆ ಗೋದಲಿಗೆ ಹೋಲಿಸುತ್ತಾನೆ, ಕ್ರಿಸ್ತ ಮಲಗಿರುವ ಗೋದಲಿ. ಒಂದು ಹುಲ್ಲುಕಡ್ಡಿ ಕಿತ್ತುಕೊಂಡು ನೆರೆಯವರ ಕಣ್ಣಿಗೆ ಚುಚ್ಚುವುದಕ್ಕೆ ಅದು ಇರುವುದಲ್ಲ.

ಈಗ ಕೆಳಗಿನ ಮನೆ. ಮೆಸೇಜ್ ಹಾಕಬೇಡಿ, ಇಳಿದು ಹೋಗಿ. "ಆಂಟಿ, ಅವತ್ತು ನಾನು ಮಾಡಿದ್ದು ತಪ್ಪು. ನಿಮಗೆ ನೇರವಾಗಿ ಹೇಳುವ ಧೈರ್ಯ ಇರಲಿಲ್ಲ" ಅನ್ನಿ. ವಚನ, ಅಧ್ಯಾಯ ಏನೂ ಬೇಡ. ಆಮೇಲೆ, "ದೇವರ ಮುಂದೆ ಇಟ್ಟದ್ದನ್ನು ನಮ್ಮಲ್ಲಿ ತಿನ್ನುವುದಿಲ್ಲ ಆಂಟಿ, ಆದರೆ ನಿಮ್ಮ ಕೈಯ ಅಡುಗೆ ನನಗೆ ಬೇಕು" ಅನ್ನಿ. ಮಿಕ್ಕ ದಿನಗಳ ಸಾರು ಪಲ್ಯಕ್ಕೆ ಯಾವ ಅಡ್ಡಿಯೂ ಇಲ್ಲವಲ್ಲ. ಅವರಿಗೆ ಅರ್ಥವಾಗದೇ ಇರುವುದಿಲ್ಲ ಅಂತ ನನ್ನ ಅಂದಾಜು. ವರ್ಷ ವರ್ಷ ನಿಮ್ಮ ಕೇಕನ್ನು ಮುಖಕ್ಕೆ ಮುಖ ಕೊಟ್ಟು, ಮೊಟ್ಟೆ ಇದೆ ಬೇಡಮ್ಮ ಅಂದವರು ಅವರೇ ತಾನೇ? ಬೇಡ ಅನ್ನುವುದು ಹೇಗೆ ಅಂತ ನಿಮಗೆ ಕಲಿಸಿಕೊಟ್ಟಿದ್ದಾರೆ.

ಒಂದೇ ಭೇಟಿಗೆ ಎಲ್ಲ ಸರಿಹೋಗದೆಯೂ ಇರಬಹುದು. ಎರಡನೇ ಸಲ ಹೋಗಿ.

ಮತ್ತೆ ಆ ಸ್ಟೀಲ್ ಡಬ್ಬಿ. ಖಾಲಿ ಕೊಡಬೇಡಿ. ಕ್ರಿಸ್‌ಮಸ್ ತಿಂಡಿ ಕಲ್ಕಲ್ ಮಾಡಲು ಬಂದರೆ ಮಾಡಿ ತುಂಬಿಸಿ, ಮೊಟ್ಟೆ ಹಾಕದೆ. ಬರದಿದ್ದರೆ ರವೆ ಉಂಡೆ ಸಾಕು.