ಬೇಕಲ ಕೋಟೆ ಟಿಪ್ಪು ಕಟ್ಟಿಸಿದ್ದಾ?

ಪ್ರಶ್ನೆ: ಮೊನ್ನೆ ಮಕ್ಕಳನ್ನ ಕರ್ಕೊಂಡು ಬೇಕಲ ಕೋಟೆಗೆ ಹೋಗಿದ್ವಿ, ಅಲ್ಲೊಬ್ರು ಇದು ಟಿಪ್ಪು ಕಟ್ಟಿಸಿದ್ದು ಅಂದ್ರು, ಹೌದಾ ಸರ್? (ಓದುಗರು, ಕುಂಬಳೆ)

ಉತ್ತರ: ಅಲ್ಲ ಮಾರಾಯ್ರೆ, ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ, 1650ರ ಆಸುಪಾಸು. ಸಮುದ್ರದೊಳಗೆ ಮೂಗು ಚಾಚಿದ ಹಾಗಿರೋ ಗುಡ್ಡ, ಸುಮಾರು 40 ಎಕ್ರೆ, ಮೇಲೆ ನಿಂತ್ರೆ ದೂರದ ಹಡಗೂ ಕಾಣ್ತದೆ, ಅದಕ್ಕೇ ಆ ಜಾಗ ಹಿಡಿದದ್ದು. ಗೋಡೆಯ ತೂತುಗಳನ್ನ ಮಕ್ಕಳಿಗೆ ತೋರಿಸಿದ್ರಾ? ಮೇಲಿನದ್ದು ದೂರದ ಶತ್ರುವಿಗೆ, ಕೆಳಗಿನದ್ದು ಬುಡಕ್ಕೇ ಬಂದವನಿಗೆ. 1763ರಲ್ಲಿ ಹೈದರಾಲಿ ಹಿಡಿದ, ಟಿಪ್ಪು ಮಲಬಾರಿನ ದಂಡಯಾತ್ರೆಗೆ ಇದನ್ನೇ ಠಾಣೆ ಮಾಡ್ಕೊಂಡ, ಜನರ ಬಾಯಲ್ಲಿ ಆ ಹೆಸರೇ ಉಳೀತು. 1799ರ ಮೇಲೆ ಕೋಟೆ ಈಸ್ಟ್ ಇಂಡಿಯಾ ಕಂಪನಿಯದ್ದು. ಆಗ ತಾಲೂಕಿನ ಹೆಸರೂ ಬೇಕಲ, ಕಾಸರಗೋಡು ಆದದ್ದು ಆಮೇಲೆ. 1956ರಲ್ಲಿ ಈ ತಾಲೂಕು ಕೇರಳಕ್ಕೆ ಹೋದ ಕತೆ ಈ ಕಾಲಂನಲ್ಲಿ ಹಿಡಿಯುದಿಲ್ಲ ಬಿಡಿ. 1995ರಲ್ಲಿ ಟೂರಿಸಂಗೆ ಅಂತ ರೆಸಾರ್ಟ್ ನಿಗಮ ಬಂತು, ಈಗ ಸುತ್ತಮುತ್ತ ಸ್ಟಾರ್ ಹೋಟೆಲುಗಳು.